ಪದಚರ್ಚೆ: ವೇರಿಯಂಟ್, ಮ್ಯುಟೇಶನ್ (ತುರ್ತು)

ಬಳಗಕ್ಕೆ ನಮಸ್ಕಾರ. ರಕ್ತದ ಕ್ಯಾನ್ಸರ್ ಇರುವವರ ಮನೆಮಂದಿಗಾಗಿ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ; ನಾಳಿದ್ದು ಅಚ್ಚಿಗೆ ಹೋಗಬೇಕು. ಈ ಎರಡಕ್ಕೂ ಬೇರೆಬೇರೆ ಮಾತು ಬೇಕು. ಸಂದರ್ಭ ಇದು: ಜಾಕ್2 ವಂಶವಾಹಿಯ ಪ್ರೋಟೀನು, ಕೋಶಗಳು ಒಂದಕ್ಕೊಂದು ಸುದ್ದಿ ಕಳಿಸಲು ಬಳಸುವ ಸೈಟೊಕೈನ್‌ಗಳ ಸಂದೇಶವನ್ನು ರಕ್ತಕೋಶದೊಳಕ್ಕೆ ದಾಟಿಸುತ್ತದೆ. ಆ ವಂಶವಾಹಿಯಲ್ಲಿ 2005ರಲ್ಲಿ ಗುರುತಿಸಿದ ವಿ617ಎಫ್ ಎಂಬ ಮ್ಯುಟೇಶನ್ ಹೆತ್ತವರಿಂದ ಬಂದದ್ದಲ್ಲ, ಮಜ್ಜೆಯ ಕೋಶವೊಂದರಲ್ಲಿ ಆಮೇಲೆ ಆದದ್ದು. 2009ರಲ್ಲಿ ಗೊತ್ತಾದ, ಅದೇ ವಂಶವಾಹಿಯ 46/1 ಎಂಬ ವೇರಿಯಂಟ್ ಹೆತ್ತವರಿಂದಲೇ ಬರುತ್ತದೆ. ಅದಿದ್ದವರಲ್ಲಿ ವಿ617ಎಫ್ ತಲೆಯೆತ್ತುವ ಸಂಭವ ಹೆಚ್ಚು. ಆದರೂ ಅದಿರುವ ಬಹುಪಾಲು ಜನಕ್ಕೆ ಕಾಯಿಲೆ ಬರುವುದೇ ಇಲ್ಲ. ಈ ಕೊನೆಯ ಮಾತನ್ನು ಪದ ಕೆಡಿಸಬಾರದು. 'ರೂಪಾಂತರ' ನಡೆದೀತೇ?

*

ಬೇಡ. ಕೊರೋನಾ ಕಾಲದಲ್ಲಿ ಪತ್ರಿಕೆಗಳು 'ರೂಪಾಂತರಿ' ಎಂದು ಬರೆದು ಆ ಪದಕ್ಕೆ ವೈರಸ್ಸಿನ ವಾಸನೆ ಹತ್ತಿಸಿವೆ. 'ಬಳುವಳಿ ಮಾರ್ಪು' ಅನ್ನಿ. ಹಳಗನ್ನಡದ ಬೞಿವೞಿ. ಬೞಿ ಎಂದರೆ ಕುಲ. ತುಳುವಿನ 'ಬರಿ'ಯೂ ಅದೇ. ಅಚ್ಚಗನ್ನಡ ಕೈಯಲ್ಲೇ ಇರುವಾಗ ಎರವಲು ಯಾಕೆ?

*

ಬಳುವಳಿ ಎಂದರೆ ತವರಿನವರು ಮಗಳಿಗೆ ಕೊಡುವ ಹಸು, ಬಂಗಾರ. ರೋಗದ ಮಾತಿಗೆ ಅದನ್ನು ತಂದರೆ ಹೆತ್ತವ್ವನ ಮೇಲೆ ತಪ್ಪು ಹೊರಿಸಿದಂತೆ. 'ಆನುವಂಶಿಕ' ಸಾಕು. 'ಅನುವಂಶೀಯ' ಎಂದು ಮಾತ್ರ ಬರೆಯಬೇಡಿ.

*

'ಆನುವಂಶಿಕ'ವೂ ಎರವಲೇ. ಸಂಸ್ಕೃತದ್ದಾದರೆ ಮಡಿ, ಇಂಗ್ಲಿಷಿನದಾದರೆ ಮೈಲಿಗೆಯೇ? ಹಾಗಾದರೆ 'ಜೀನ್' ಏನು ಪಾಪ ಮಾಡಿತ್ತು?

*

ಹಸ್ತಪ್ರತಿಗಳಲ್ಲಿ ಕೆಲಸ ಮಾಡಿದವನು ನಾನು. ನನಗೆ ಹೊಳೆಯುವುದು 'ಪಾಠಭೇದ'. ಒಂದೇ ಪದ್ಯ ಎರಡು ಓಲೆಯಲ್ಲಿ ಎರಡು ಬಗೆ. ಎರಡನ್ನೂ ಜನ ಓದಿಕೊಂಡೇ ಬಂದಿದ್ದಾರೆ. 46/1 ಅಂಥದು. ವಿ617ಎಫ್ ಲಿಪಿಕಾರನ ಕೈತಪ್ಪು. 'ವ್ಯತ್ಯಾಸ' ಎಂದೂ ಹಾಕಬೇಡಿ, 'ಆರೋಗ್ಯದಲ್ಲಿ ವ್ಯತ್ಯಾಸ' ಎಂದರೆ ಕೆಟ್ಟಿದೆ ಎಂದೇ ಅರ್ಥ.

*

ಕೇಳಿದವಳು ನಾನೇ. 'ಆನುವಂಶಿಕ' ಎಂದು ಕಂಡೊಡನೆ ಮನೆಯವರು ಕೇಳುವುದು ಒಂದೇ: ಮಕ್ಕಳಿಗೂ ಬರುತ್ತದೆಯೇ? ಅದಕ್ಕೇ ಬಿಟ್ಟೆ. 'ಹುಟ್ಟಿನಿಂದ ಇರುವ ಭೇದ', 'ಆಮೇಲೆ ಆದ ಮಾರ್ಪಾಡು' ಎಂದು ಹಾಕುತ್ತಿದ್ದೇನೆ. ಉದ್ದವಾಯಿತು, ಆಗಲಿ. ಓಲೆಗರಿಯ ಹೋಲಿಕೆಯನ್ನು ಮೊದಲ ಪುಟದಲ್ಲೇ ಬಳಸಲು ಅನುಮತಿ ಕೊಡಿ. ಸೈಟೊಕೈನನ್ನು ಹಾಗೇ ಬಿಟ್ಟಿದ್ದೇನೆ. ಆಸ್ಪತ್ರೆಯ ಚೀಟಿಯಲ್ಲಿ ಅವರಿಗೆ ಕಾಣುವುದು ಅದೇ ಹೆಸರು.