ಕಡ್ಡಿ ಹಾಕಿದರೂ ಹತ್ತದ ಡೀಸೆಲ್ ಇಂಜಿನ್ ಒಳಗೆ ಹೇಗೆ ಹತ್ತುತ್ತೆ?

ತೋಟದಮನೆ:
ನಮ್ಮದು ತೀರ್ಥಹಳ್ಳಿ ಕಡೆ. ಮಳೆ ಹಿಡಿದಿದೆ, ಬಚ್ಚಲ ಒಲೆಯ ಸೌದೆ ಎಲ್ಲ ಥಂಡಿ. ಮೊದಲೆಲ್ಲ ರೇಷನ್ ಸೀಮೆಎಣ್ಣೆ ಒಂದು ಚೂರು ಸುರಿದು ಹಚ್ಚುತ್ತಿದ್ದೆವು, ಈಗ ಅದು ಸಿಗುವುದಿಲ್ಲ. ಟಿಲ್ಲರ್‌ಗೆ ತಂದಿಟ್ಟ ಡೀಸೆಲ್ ಸುರಿದು ನೋಡಿದೆ. ಗೀರಿದ ಕಡ್ಡಿ ಅದರೊಳಗೆ ಬಿದ್ದು ನೀರಿಗೆ ಬಿದ್ದಂತೆ ಆರಿಹೋಯಿತು. ಸ್ಪಾರ್ಕ್ ಪ್ಲಗ್ಗೇ ಇಲ್ಲದ ಟಿಲ್ಲರ್ ಇಂಜಿನ್‌ನಲ್ಲಿ ಅದೇ ಡೀಸೆಲ್ ಉರಿಯುತ್ತಲ್ಲ, ಹೇಗೆ? ತಮ್ಮ ಬೈಕಿನಿಂದ ಪೆಟ್ರೋಲ್ ತೆಗೆದುಕೊಡ್ತೀನಿ ಅಂತಿದ್ದಾನೆ. ಸುರಿಯಬಹುದಾ? ಇನ್ನೊಂದು, ಪೊಟ್ಟಣದಲ್ಲಿ ಅರ್ಧ ಕಡ್ಡಿ ಹತ್ತುವುದೇ ಇಲ್ಲ.

ಸುಮ್ನೆ ಒಬ್ಬ:
ಪೆಟ್ರೋಲಿಗೆ ಪವರ್ ಜಾಸ್ತಿ, ಅದಕ್ಕೇ ಬೇಗ ಹತ್ತುತ್ತೆ. ಅಷ್ಟೇ.

ಕೆಮಿಸ್ಟ್ರಿ ಮೇಷ್ಟ್ರು:
ಪವರ್ ವಿಷಯ ಅಲ್ಲ ಇದು. ಲೀಟರ್ ಲೆಕ್ಕದಲ್ಲಿ ಡೀಸೆಲ್‌ನಲ್ಲೇ ಶಕ್ತಿ ಸ್ವಲ್ಪ ಜಾಸ್ತಿ.

ಎಣ್ಣೆ ದ್ರವವಾಗಿ ಉರಿಯುವುದಿಲ್ಲ. ಅದರಿಂದ ಏಳುವ ಆವಿ ಗಾಳಿ ಜೊತೆ ಸರಿಯಾದ ಪ್ರಮಾಣದಲ್ಲಿ ಬೆರೆತಾಗ ಉರಿಯುತ್ತದೆ. ಪೆಟ್ರೋಲ್ ಮೈನಸ್ 40 ಡಿಗ್ರಿ ಆಸುಪಾಸಿನಲ್ಲೇ ಹತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ, ಡೀಸೆಲ್ ಸಾಮಾನ್ಯವಾಗಿ 50 ಡಿಗ್ರಿ ದಾಟಬೇಕು. ನಿಮ್ಮ ಬಚ್ಚಲಲ್ಲಿ ಈಗ 20–22 ಇರಬಹುದು, ಅಂದರೆ ಕಡ್ಡಿಯ ಜ್ವಾಲೆಗೆ ಉರಿಸಲು ಅಲ್ಲಿ ಆವಿಯೇ ಇಲ್ಲ. ತಣ್ಣಗಿನ ಡೀಸೆಲ್ ಕಡ್ಡಿಯ ಬಿಸಿಯನ್ನು ಎಳೆದುಕೊಂಡು ಅದನ್ನು ಆರಿಸಿಬಿಡುತ್ತದೆ. ಅದೇ ಡೀಸೆಲ್‌ನಲ್ಲಿ ಬಟ್ಟೆಯ ಬತ್ತಿ ಅದ್ದಿ ತುದಿಗೆ ಹಚ್ಚಿ, ಹತ್ತುತ್ತದೆ, ಯಾಕಂದರೆ ಆ ತುದಿಯಲ್ಲಿ ಕಾಯಬೇಕಾದ ಎಣ್ಣೆ ಒಂದೆರಡು ಹನಿ ಮಾತ್ರ. ಕರ್ಪೂರಕ್ಕಂತೂ ಬತ್ತಿಯೂ ಬೇಡ, ಅದು ಸುಲಭವಾಗಿ ಆವಿಯಾಗಿಬಿಡುತ್ತೆ.

ಪೆಟ್ರೋಲ್ ಮಾತ್ರ ಬೇಡವೇ ಬೇಡ. ಅದರ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ, ಬಚ್ಚಲ ನೆಲದಲ್ಲಿ ಕಣ್ಣಿಗೆ ಕಾಣದೆ ಹರಡಿ ನಿಮ್ಮ ಕಾಲ ಬುಡಕ್ಕೇ ಬಂದು ನಿಂತಿರುತ್ತದೆ. ಗಾಳಿಯಲ್ಲಿ ನೂರಕ್ಕೆ ಒಂದೂವರೆ ಭಾಗ ಇದ್ದರೂ ಸಾಕು, ಕಡ್ಡಿ ಗೀರುವ ಹೊತ್ತಿಗೆ ಒಲೆ ಅಲ್ಲ, ಬಚ್ಚಲೇ ಭುಗ್ ಅನ್ನುತ್ತದೆ. ಕೆಂಡ ಇರುವ ಒಲೆಗೆ ಯಾವ ಎಣ್ಣೆಯನ್ನೂ ಸುರಿಯಬೇಡಿ, ಡೀಸೆಲ್ ಕೂಡ. ಬಿಸಿಗೆ ದಟ್ಟ ಬಿಳಿ ಹೊಗೆ ಎದ್ದು ನಿಂತು, ಒಮ್ಮೆಲೇ ಹತ್ತಿಕೊಳ್ಳುತ್ತದೆ.

ಗ್ಯಾರೇಜಿನವ:
ಇಂಜಿನ್ ಕಥೆ ನಾನು ಹೇಳ್ತೀನಿ. ಡೀಸೆಲ್ ಇಂಜಿನ್‌ನಲ್ಲಿ ಪಿಸ್ಟನ್ ಬರೀ ಗಾಳಿಯನ್ನು ಹದಿನಾರು, ಇಪ್ಪತ್ತು ಪಟ್ಟು ಅದುಮುತ್ತೆ. ಸೈಕಲ್ ಪಂಪ್ ಹೊಡೆಯುವಾಗ ತುದಿ ಬಿಸಿಯಾಗುತ್ತಲ್ಲ, ಅದೇ ಇಲ್ಲಿ 500 ಡಿಗ್ರಿ ದಾಟುತ್ತೆ. ಆ ಗಾಳಿಗೆ ನಾಜಲ್ ಮಂಜಿನಂತೆ ಡೀಸೆಲ್ ಚಿಮ್ಮಿಸುತ್ತೆ. ಕಿಡಿ ಯಾಕೆ ಬೇಕು? ತಮಾಷೆ ಏನಂದರೆ, ಕಿಡಿ ಇಲ್ಲದೆ ಬರೀ ಬಿಸಿಗೆ ತಾನಾಗಿ ಹತ್ತುವುದರಲ್ಲಿ ಡೀಸೆಲ್ಲೇ ಮುಂದು: ಅದಕ್ಕೆ ಸುಮಾರು 210 ಡಿಗ್ರಿ ಸಾಕು, ಪೆಟ್ರೋಲಿಗೆ 250ರ ಮೇಲೆ ಬೇಕು. ಕಾದ ಸೈಲೆನ್ಸರ್ ಪೈಪ್ ಮೇಲೆ ಡೀಸೆಲ್ ಲೀಕ್ ಆದರೆ ನಾವು ಹೆದರುವುದು ಅದಕ್ಕೇ.

ತೋಟದಮನೆ:
ಮೇಷ್ಟ್ರೇ, ತಮ್ಮನಿಗೆ ಓದಿ ಹೇಳಿದೆ, ಬೈಕ್ ಬೀಗ ಹಾಕಿ ಕೂತಿದ್ದಾನೆ. ಕಡ್ಡಿ ಕಥೆ ಯಾರೂ ಹೇಳಲಿಲ್ಲ.

ಹಂಡೆ ಅಕ್ಕ:
ಕಡ್ಡಿಯ ತಲೆಯಲ್ಲಿ ಪೊಟ್ಯಾಸಿಯಂ ಕ್ಲೋರೇಟ್, ಗಂಧಕ, ಅಂಟು ಇರುತ್ತೆ. ಪೊಟ್ಟಣದ ಪಟ್ಟಿಯಲ್ಲಿ ಕೆಂಪು ರಂಜಕ, ಗಾಜಿನ ಪುಡಿ. ಇವೆರಡೂ ತಿಕ್ಕಿದರೇ ಬೆಂಕಿ, ಗೋಡೆಗೆ ಗೀರಿದರೆ ಇಲ್ಲ. (ಹಿಂದೆ ಬಿಳಿ ರಂಜಕದ ಕಡ್ಡಿ ಎಲ್ಲಿ ಗೀರಿದರೂ ಹತ್ತುತ್ತಿತ್ತು, ಆದರೆ ಕಾರ್ಖಾನೆಯವರ ದವಡೆ ಮೂಳೆಯೇ ಕೊಳೆಯುತ್ತಿತ್ತು. 1906ರಲ್ಲಿ ಹಲವು ದೇಶಗಳು ಸೇರಿ ಅದನ್ನು ನಿಲ್ಲಿಸಲು ಒಪ್ಪಿದವು.) ಥಂಡಿಗೆ ಅಂಟು ಮೆತ್ತಗಾಗುತ್ತೆ. ಗೀರಿದರೆ ಬಿಸಿ ಹುಟ್ಟುವ ಬದಲು ಮದ್ದೇ ಉದುರಿ ಪಟ್ಟಿಗೆ ಕಂದು ಬಣ್ಣದಲ್ಲಿ ಮೆತ್ತಿಕೊಳ್ಳುತ್ತೆ, ಆಮೇಲೆ ಒಣ ಕಡ್ಡಿಯೂ ಅಲ್ಲಿ ಜಾರುತ್ತೆ. ಮುಚ್ಚಳ ಬಿಗಿ ಇರುವ ಡಬ್ಬಿಯಲ್ಲಿ ಒಂದು ಹಿಡಿ ಹುರಿದ ಅಕ್ಕಿ ಹಾಕಿ ಪೊಟ್ಟಣ ಇಡಿ.

ಒಲೆಗೆ ಎಣ್ಣೆ ಯಾಕೆ? ಅಡಿಕೆ ತೋಟ ಇಟ್ಟುಕೊಂಡು ಡೀಸೆಲ್ ಸುರಿಯೋದಾ? ಒಣಗಿದ ಅಡಿಕೆ ಹಾಳೆ ಸಣ್ಣಗೆ ಸೀಳಿ ಕೆಳಗಿಡಿ, ಮೇಲೆ ಅಡಿಕೆ ಸಿಪ್ಪೆ, ಆಮೇಲೆ ಬೆರಳು ಗಾತ್ರದ ಪುಳ್ಳೆ. ಹಸಿ ಸೌದೆಯ ನೀರು ಹೋಗುವವರೆಗೂ ಅದು ಉರಿಯುವಷ್ಟು ಕಾಯುವುದಿಲ್ಲ, ಹಾಗಾಗಿ ನಾಳೆಯ ಸೌದೆಯನ್ನು ಇವತ್ತೇ ಒಲೆ ಪಕ್ಕ ಜೋಡಿಸಿ. ತೀರಾ ಒಳಗೆ ತುರುಕಬೇಡಿ, ಕಿಡಿ ಹಾರುತ್ತೆ.