ಆ್ಯಪ್ ತೆಗೆದು ಬ್ರೌಸರ್‌ನಲ್ಲೇ ಫೇಸ್‌ಬುಕ್ ನೋಡುತ್ತೇನೆ, ತಪ್ಪಾ? (ಪ್ರಶ್ನೋತ್ತರ)

ಪ್ರಶ್ನೆ – ದಾವಣಗೆರೆಯ ಟೀಚರ್

ಸರ್, ನಮಸ್ಕಾರ. ನಾನು ಹೈಸ್ಕೂಲ್ ಟೀಚರ್. ನನ್ನ ಫೋನು ನಾಲ್ಕು ವರ್ಷ ಹಳೆಯದು, 64 ಜಿಬಿ. ಹೋದ ತಿಂಗಳು ಮಕ್ಕಳ ಕೋಲಾಟದ ವಿಡಿಯೊ ತೆಗೆಯುತ್ತಿದ್ದೆ, ಅರ್ಧಕ್ಕೆ "ಸ್ಟೋರೇಜ್ ಫುಲ್" ಅಂತ ನಿಂತುಹೋಯಿತು. ಮನೆಗೆ ಬಂದವಳೇ ಸಿಟ್ಟಲ್ಲಿ ಸೋಶಿಯಲ್ ಮೀಡಿಯಾ ಆ್ಯಪ್‌ಗಳನ್ನೆಲ್ಲ ತೆಗೆದುಹಾಕಿದೆ. ಈಗ ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಎರಡನ್ನೂ ಕ್ರೋಮ್‌ನಲ್ಲೇ ನೋಡುತ್ತೇನೆ. ನಿಜ ಹೇಳಬೇಕೆಂದರೆ ಹಾಯಾಗಿದೆ. ಆದರೆ ಪಿಯುಸಿ ಓದುವ ಮಗ ನಗುತ್ತಾನೆ, "ಬ್ರೌಸರ್‌ನಲ್ಲಿ ಯಾರಮ್ಮಾ ನೋಡ್ತಾರೆ" ಅಂತ. ಅವನ ಗೆಳೆಯ ಇನ್ನೊಂದು ದಾರಿ ಹೇಳಿದ: ಜಾಹೀರಾತೇ ಬರದ "ಮಾಡ್" ಆ್ಯಪ್ ಇದೆಯಂತೆ, ಫೈಲ್ ಕಳಿಸುತ್ತಾನಂತೆ. ಮೂರರಲ್ಲಿ ಯಾವುದು ಒಳ್ಳೆಯದು? ಬ್ರೌಸರ್‌ನಲ್ಲಿ ಪಾಸ್‌ವರ್ಡ್ ಹಾಕಿದರೆ ಏನೂ ತೊಂದರೆ ಇಲ್ಲ ಅಲ್ವಾ?

ಉತ್ತರ – ಆ್ಯಪ್ ಇಂಜಿನಿಯರ್, ಬೆಂಗಳೂರು

ಮೇಡಂ, ನಗುವುದಿದ್ದರೆ ನಿಮ್ಮ ಮಗ ನನ್ನನ್ನೂ ನೋಡಿ ನಗಲಿ. ಹನ್ನೊಂದು ವರ್ಷದಿಂದ ಆ್ಯಪ್ ಬರೆದೇ ಹೊಟ್ಟೆ ಹೊರೆಯುತ್ತಿದ್ದೇನೆ. ನನ್ನ ಫೋನಿನಲ್ಲೂ ಫೇಸ್‌ಬುಕ್ ಆ್ಯಪ್ ಇಲ್ಲ.

ಆ್ಯಪ್ ಅಂದರೆ ಮನೆಯೊಳಗೆ ಬಾಡಿಗೆಗೆ ಬಂದು ಕೂತವರಿದ್ದ ಹಾಗೆ. ಕಾಂಟ್ಯಾಕ್ಟ್ಸ್, ಲೊಕೇಶನ್, ಫೋಟೊ ಎಲ್ಲಕ್ಕೂ ಒಂದೊಂದು ಸಲ "ಅಲೋ" ಕೇಳುತ್ತದೆ, ನಾವೂ ಅವಸರದಲ್ಲಿ ಒತ್ತಿಬಿಡುತ್ತೇವೆ. ನೀವು ನೋಡದಿದ್ದಾಗಲೂ ಹಿಂದೆ ಓಡುತ್ತಿರುತ್ತದೆ. ವೆಬ್‌ಸೈಟ್‌ಗೆ ಅಷ್ಟು ಸಲುಗೆ ಇಲ್ಲ, ಅದು ಜಗಲಿಯಲ್ಲೇ ಕೂತು ಮಾತಾಡಿ ಹೋಗುತ್ತದೆ. ನಿಮ್ಮ ಕಾಂಟ್ಯಾಕ್ಟ್ ಪಟ್ಟಿಯನ್ನು ಪೂರ್ತಿ ಎತ್ತಿಕೊಂಡು ಹೋಗಲು ಅದಕ್ಕೆ ಆಗುವುದಿಲ್ಲ. ಬೇರೆ ಯಾವ ಆ್ಯಪ್ ಹಾಕಿದ್ದೀರಿ ಅಂತ ಪಟ್ಟಿ ಮಾಡಲೂ ಆಗುವುದಿಲ್ಲ.

ಇದು ಸುಮ್ನೆ ಅನುಮಾನ ಅಂದುಕೊಳ್ಳಬೇಡಿ. 2025ರ ಜೂನ್‌ನಲ್ಲಿ ಯುರೋಪಿನ ಸಂಶೋಧಕರು ಒಂದು ಸಂಗತಿ ಹೊರಗೆ ಹಾಕಿದರು. ಆಂಡ್ರಾಯ್ಡ್ ಫೋನಿನಲ್ಲಿ ಫೇಸ್‌ಬುಕ್ ಅಥವಾ ಇನ್‌ಸ್ಟಾಗ್ರಾಮ್ ಆ್ಯಪ್ ಹಿಂದೆ ಓಡುತ್ತಿದ್ದರೆ, ಅದು ಫೋನಿನೊಳಗೇ ಒಂದು ಪೋರ್ಟ್ (ಒಳಗೊಳಗೇ ಮಾಹಿತಿ ದಾಟಿಸುವ ಕಿಂಡಿ) ತೆರೆದು ಕಿವಿಗೊಟ್ಟು ಕೂತಿರುತ್ತಿತ್ತು. ನೀವು ಕ್ರೋಮ್‌ನಲ್ಲಿ ಒಂದು ಅಂಗಡಿಯ ವೆಬ್‌ಸೈಟ್ ತೆರೆಯುತ್ತೀರಿ ಅನ್ನಿ. ಆ ಪುಟದಲ್ಲಿ ಫೇಸ್‌ಬುಕ್‌ನ ಒಡೆಯ ಮೆಟಾ ಕಂಪನಿಯ "ಮೆಟಾ ಪಿಕ್ಸೆಲ್" ಅನ್ನುವ ಸಣ್ಣ ಕೋಡ್ ಇದ್ದರೆ ಅದು ಬ್ರೌಸರ್‌ನ ಕುಕಿಯನ್ನು (ಗುರುತಿಗೆ ಬ್ರೌಸರ್‌ನಲ್ಲಿ ಇಡುವ ಚೀಟಿ) ಆ ಪೋರ್ಟ್ ಮೂಲಕ ಆ್ಯಪ್‌ಗೆ ದಾಟಿಸುತ್ತಿತ್ತು. ಆ್ಯಪ್‌ನಲ್ಲಿ ನೀವು ಲಾಗಿನ್ ಆಗಿರುತ್ತೀರಿ. ಅಲ್ಲಿಗೆ "ಈ ಪುಟ ನೋಡಿದ್ದು ಇಂಥವರೇ" ಅಂತ ಗೊತ್ತಾಯಿತು. ಇನ್‌ಕಾಗ್ನಿಟೊದಲ್ಲಿ (ಹಿಸ್ಟರಿ ಉಳಿಸದ ಕಿಟಕಿಯಲ್ಲಿ) ನೋಡಿದರೂ ಅಷ್ಟೆ. ರಷ್ಯಾದ ಯಾಂಡೆಕ್ಸ್ ಕಂಪನಿ ಇದೇ ಕೆಲಸವನ್ನು 2017ರಿಂದ ಮಾಡುತ್ತಿತ್ತಂತೆ. ಸುದ್ದಿ ಹೊರಬಿದ್ದ ದಿನವೇ ಮೆಟಾ ಇದನ್ನು ನಿಲ್ಲಿಸಿತು. ಆದರೆ ನೋಡಿ, ಆ್ಯಪ್ ಇಲ್ಲದ ಫೋನಿನಲ್ಲಿ ಈ ಆಟ ಶುರುವಾಗುವುದೇ ಇಲ್ಲ. ಕೇಳಿಸಿಕೊಳ್ಳಲು ಒಳಗೆ ಯಾರೂ ಇಲ್ಲವಲ್ಲ.

ಹಾಗಂತ ಬ್ರೌಸರ್‌ನಲ್ಲಿದ್ದರೆ ಕಂಪನಿಗೆ ನೀವು ಕಾಣುವುದೇ ಇಲ್ಲ ಅಂತಲ್ಲ. ಲಾಗಿನ್ ಆದ ಮೇಲೆ ಅಲ್ಲಿ ಏನು ನೋಡಿದಿರಿ, ಎಷ್ಟು ಹೊತ್ತು ನಿಂತಿರಿ ಎಲ್ಲ ಗೊತ್ತಾಗುತ್ತದೆ. ಕಡಿಮೆ ಆಗುತ್ತದೆ, ಪೂರ್ತಿ ನಿಲ್ಲುವುದಿಲ್ಲ.

ಪಾಸ್‌ವರ್ಡ್ ವಿಷಯ: ವಿಳಾಸ ಸರಿ ಇದ್ದರೆ ಬ್ರೌಸರ್‌ನಲ್ಲಿ ಹಾಕಲು ಭಯ ಬೇಡ. ವಿಳಾಸವನ್ನು ನೀವೇ ಟೈಪ್ ಮಾಡಿ ಒಂದು ಸಲ ಬುಕ್‌ಮಾರ್ಕ್ ಮಾಡಿಕೊಳ್ಳಿ, ಆಮೇಲೆ ಅಲ್ಲಿಂದಲೇ ಹೋಗಿ. ಎಸ್ಸೆಮ್ಮೆಸ್‌ನಲ್ಲಿ ಬಂದ ಲಿಂಕ್ ಒತ್ತಿ ಲಾಗಿನ್ ಆಗಬೇಡಿ. ಎರಡು ಹಂತದ ಲಾಗಿನ್ ಆನ್ ಮಾಡಿ.

ಆ ಮಾಡ್ ಫೈಲ್ ಮಾತ್ರ ಬೇಡವೇ ಬೇಡ. ನಮ್ಮ ದೊಡ್ಡಮ್ಮನ ಮಗ ಹೀಗೇ ಯಾರೋ ಕಳಿಸಿದ ಆ್ಯಪ್‌ಗೆ ಪಾಸ್‌ವರ್ಡ್ ಕೊಟ್ಟ. ಬೆಳಿಗ್ಗೆ ಎದ್ದರೆ ಅವನ ಅಕೌಂಟಿನಿಂದ ಊರವರಿಗೆಲ್ಲ ಸಾಲದ ಜಾಹೀರಾತು ಹೋಗಿತ್ತು. ಪ್ಲೇ ಸ್ಟೋರ್‌ನಲ್ಲಿ ಇದ್ದ ಮಾತ್ರಕ್ಕೆ ನಂಬಬೇಕಿಲ್ಲ. 2022ರ ಅಕ್ಟೋಬರ್‌ನಲ್ಲಿ ಮೆಟಾ ಕಂಪನಿಯೇ ಹೇಳಿತ್ತು: ಫೇಸ್‌ಬುಕ್ ಲಾಗಿನ್ ಕದಿಯುವ 400ಕ್ಕೂ ಜಾಸ್ತಿ ಆ್ಯಪ್ ಸಿಕ್ಕಿವೆ ಅಂತ. ಅವು ಗೂಗಲ್, ಆಪಲ್ ಎರಡರ ಸ್ಟೋರ್‌ನಲ್ಲೂ ಇದ್ದವು. ಫೋಟೊ ಎಡಿಟರ್, ಗೇಮ್, ಟಾರ್ಚ್ ಅಂತೆಲ್ಲ ವೇಷ ಹಾಕಿದ್ದವು.

ಹುಬ್ಬಳ್ಳಿಯ ಇಂಜಿನಿಯರಿಂಗ್ ವಿದ್ಯಾರ್ಥಿ

ಸರ್, ಥರ್ಡ್ ಪಾರ್ಟಿ ಆ್ಯಪ್ ಎಲ್ಲವೂ ಕಳ್ಳರದ್ದು ಅನ್ನುವ ಹಾಗೆ ಬರೆದಿದ್ದೀರಿ. ರೆಡಿಟ್‌ಗೆ (ವಿಷಯಕ್ಕೊಂದು ಗುಂಪು ಇರುವ ಚರ್ಚೆಯ ಸೈಟ್) ಮೊದಲು ಎಷ್ಟು ಒಳ್ಳೆಯ ಆ್ಯಪ್ ಇದ್ದವು! ಅವೆಲ್ಲ ಏನಾದವು?

ಇಂಜಿನಿಯರ್

ತಮ್ಮಾ, ನೀನು ಹೇಳಿದ್ದು ಸರಿ. ಮಾಡ್ ಬೇರೆ, ಥರ್ಡ್ ಪಾರ್ಟಿ ಬೇರೆ. ಮಾಡ್ ಅಂದರೆ ಕಂಪನಿಯ ಆ್ಯಪನ್ನೇ ಬಿಚ್ಚಿ, ಒಳಗೆ ಏನೋ ಸೇರಿಸಿ, ಮತ್ತೆ ಹೊಲಿದದ್ದು. ಥರ್ಡ್ ಪಾರ್ಟಿ ಅಂದರೆ ಕಂಪನಿ ತೆರೆದಿಟ್ಟ ಎಪಿಐ ಅನ್ನುವ ಬಾಗಿಲಿನಿಂದ ಪೋಸ್ಟ್ ತಂದು ತನ್ನದೇ ರೀತಿಯಲ್ಲಿ ತೋರಿಸುವ ಆ್ಯಪ್. ಅದು ಮರ್ಯಾದೆಯ ಕೆಲಸ.

ಈಗ ಎಲ್ಲರೂ ಫೀಡನ್ನು ಬೆರಳಲ್ಲಿ ಕೆಳಗೆ ಎಳೆದು ಬಿಡುತ್ತೇವಲ್ಲ, ಹೊಸ ಪೋಸ್ಟ್ ಬರಲಿ ಅಂತ? ಆ ಉಪಾಯ ಬಂದಿದ್ದು ಟ್ವೀಟಿ ಅನ್ನುವ ಹೊರಗಿನ ಆ್ಯಪ್‌ನಿಂದ. 2010ರಲ್ಲಿ ಟ್ವಿಟರ್ ಅದನ್ನು ಕೊಂಡುಕೊಂಡು ತನ್ನ ಆ್ಯಪ್ ಮಾಡಿಕೊಂಡಿತು. "ಟ್ವೀಟ್" ಅನ್ನುವ ಪದ, ಹಕ್ಕಿಯ ಚಿತ್ರ ಎರಡನ್ನೂ ಮೊದಲು ಬಳಸಿದ್ದು ಟ್ವಿಟರಿಫಿಕ್, ಅದೂ ಹೊರಗಿನವರದ್ದೇ. 2023ರ ಜನವರಿಯಲ್ಲಿ ಟ್ವಿಟರ್ ಒಂದು ಮಾತೂ ಹೇಳದೆ ಇಂಥ ಆ್ಯಪ್‌ಗಳ ಸಂಪರ್ಕ ಕಡಿಯಿತು. ಟ್ವಿಟರಿಫಿಕ್, ಟ್ವೀಟ್‌ಬಾಟ್ ಎರಡೂ ರಾತ್ರೋರಾತ್ರಿ ನಿಂತವು. ಕೆಲವು ದಿನ ಕಳೆದ ಮೇಲೆ, ಇಂಥ ಆ್ಯಪ್ ಮಾಡಬಾರದು ಅಂತ ನಿಯಮದಲ್ಲಿ ಒಂದು ಸಾಲು ಸೇರಿಸಿದರು. ಹೆಸರು ಕೊಟ್ಟವರನ್ನೇ ಮನೆಯಿಂದ ಹೊರಗೆ ಹಾಕಿದ ಹಾಗಾಯಿತು.

ರೆಡಿಟ್ ಅದೇ ವರ್ಷ ದುಡ್ಡಿನ ದಾರಿ ಹಿಡಿಯಿತು. ಸಾವಿರ ಎಪಿಐ ಕರೆಗೆ (ಆ್ಯಪ್ ಒಂದು ಸಲ ಮಾಹಿತಿ ಕೇಳಿದರೆ ಒಂದು ಕರೆ) 24 ಸೆಂಟ್ ಅಂದರು. ಕೇಳಲು ಚಿಲ್ಲರೆ ಅನ್ನಿಸುತ್ತದೆ. ಆದರೆ ಅಪೊಲೊ ಅನ್ನುವ ಆ್ಯಪ್‌ನಿಂದ ತಿಂಗಳಿಗೆ 700 ಕೋಟಿ ಕರೆ ಹೋಗುತ್ತಿತ್ತು. ವರ್ಷಕ್ಕೆ 2 ಕೋಟಿ ಡಾಲರ್ ಆಗುತ್ತದೆ ಅಂತ ಅದನ್ನು ಬರೆದ ಕ್ರಿಶ್ಚಿಯನ್ ಸೆಲಿಗ್ ಲೆಕ್ಕ ಮುಂದಿಟ್ಟರು. ಅಂದರೆ 160 ಕೋಟಿ ರೂಪಾಯಿ. ಹೆಚ್ಚೂ ಕಡಿಮೆ ಒಬ್ಬನೇ ನಡೆಸುವ ಆ್ಯಪ್ ಅದು! ಜೂನ್ 12ರಿಂದ ಸಾವಿರಾರು ಸಬ್‌ರೆಡಿಟ್‌ಗಳು (ರೆಡಿಟ್‌ನ ಗುಂಪುಗಳು) ಬಾಗಿಲು ಹಾಕಿ ಪ್ರತಿಭಟಿಸಿದವು. ಕಂಪನಿ ಜಗ್ಗಲಿಲ್ಲ. ಜೂನ್ 30ಕ್ಕೆ ಅಪೊಲೊ ಮುಚ್ಚಿತು, ರೆಡಿಟ್ ಈಸ್ ಫನ್ ಅನ್ನುವ ಆ್ಯಪ್ ಕೂಡ ಹೋಯಿತು.

ಇವತ್ತು ಥರ್ಡ್ ಪಾರ್ಟಿ ಆ್ಯಪ್ ನಿಶ್ಚಿಂತೆಯಿಂದ ಹಾಕಬಹುದಾದ ಜಾಗ ಮಾಸ್ಟೊಡಾನ್. ಟ್ವಿಟರ್ ಥರದ್ದೇ, ಆದರೆ ಒಂದೇ ಕಂಪನಿಯದ್ದಲ್ಲ, ಬೇರೆ ಬೇರೆಯವರ ಸರ್ವರ್‌ಗಳಲ್ಲಿ ನಡೆಯುವ ಜಾಲ. ಅಲ್ಲಿ ಬಾಗಿಲು ಎಲ್ಲರಿಗೂ ತೆರೆದಿದೆ. ಆಂಡ್ರಾಯ್ಡ್‌ಗೆ ಟಸ್ಕಿ ಇದೆ, ಐಫೋನಿಗೆ ಐವರಿ ಇದೆ. ಐವರಿ ಮಾಡಿದ್ದು ಟ್ವೀಟ್‌ಬಾಟ್ ಮಾಡಿದ್ದವರೇ. ಅಲ್ಲಿ ಪಾಸ್‌ವರ್ಡ್ ಹಾಕುವುದು ಆ್ಯಪ್‌ನಲ್ಲಲ್ಲ, ನಿನ್ನ ಸರ್ವರ್‌ನ ಪುಟದಲ್ಲಿ. ಆ್ಯಪ್‌ಗೆ ಸಿಗುವುದು ಒಂದು ಟೋಕನ್ (ಒಳಗೆ ಬಿಡುವ ಚೀಟಿ) ಮಾತ್ರ, ಬೇಡ ಅನ್ನಿಸಿದ ದಿನ ಅದನ್ನು ರದ್ದು ಮಾಡಬಹುದು. ಯಾವ ಆ್ಯಪ್ ನಂಬಬೇಕು ಅಂತ ಕೇಳಿದರೆ ನಾನು ಮೊದಲು ನೋಡುವುದು ಇದನ್ನೇ.

ಮೈಸೂರಿನ ಓದುಗ

ನಾನು ದೃಷ್ಟಿಹೀನ. ಟಾಕ್‌ಬ್ಯಾಕ್ (ಪರದೆಯಲ್ಲಿರುವುದನ್ನು ಓದಿ ಹೇಳುವ ಸೌಲಭ್ಯ) ಹಾಕಿಕೊಂಡು ಫೋನ್ ಬಳಸುತ್ತೇನೆ. ಆ್ಯಪ್ ಚೆಂದವಾ, ಬ್ರೌಸರ್ ಚೆಂದವಾ ಅನ್ನುವುದು ನಿಮಗೆಲ್ಲ ಇಷ್ಟದ ಪ್ರಶ್ನೆ, ನನಗೆ ಹಾಗಲ್ಲ. ಕೆಲವು ಆ್ಯಪ್‌ಗಳಲ್ಲಿ ಬೆರಳಿಟ್ಟಲ್ಲೆಲ್ಲ "ಬಟನ್, ಬಟನ್, ಹೆಸರಿಲ್ಲದ ಬಟನ್" ಅಂತ ಕೇಳಿಸುತ್ತದೆ. ಲೈಕ್ ಯಾವುದು, ಡಿಲೀಟ್ ಯಾವುದು ಅಂತ ಊಹಿಸಬೇಕು. ಬ್ರೌಸರ್‌ನಲ್ಲಿ ಹೆಡಿಂಗ್‌ನಿಂದ ಹೆಡಿಂಗ್‌ಗೆ ಹಾರಬಹುದು, ಹಾಗಾಗಿ ಬ್ರೌಸರ್. ರೆಡಿಟ್‌ಗೆ ಮಾತ್ರ ರೆಡ್‌ರೀಡರ್ ಬಳಸುತ್ತೇನೆ.

ಇಂಜಿನಿಯರ್

ಸರ್, ಇದನ್ನು ನಾನೇ ಮೊದಲು ಬರೆಯಬೇಕಿತ್ತು. ಆ ಗಲಾಟೆಯ ನಡುವೆ ರೆಡಿಟ್ ವಿನಾಯಿತಿ ಕೊಟ್ಟ ಕೆಲವೇ ಆ್ಯಪ್‌ಗಳಲ್ಲಿ ರೆಡ್‌ರೀಡರ್ ಒಂದು. ಅಂಧರು ಬಳಸುತ್ತಾರೆ, ಲಾಭಕ್ಕಾಗಿ ನಡೆಸುತ್ತಿಲ್ಲ ಅನ್ನುವ ಕಾರಣಕ್ಕೆ ಅದಕ್ಕೆ ಶುಲ್ಕ ಇಲ್ಲ. "ಹೆಸರಿಲ್ಲದ ಬಟನ್" ಅಂದಿರಲ್ಲ, ಅದು ನಮ್ಮಂಥವರ ಸೋಮಾರಿತನ. ಬಟನ್‌ಗೆ ಹೆಸರು ಬರೆಯಲು ಒಂದೇ ಸಾಲು ಸಾಕು.

ದುಬೈ ಕನ್ನಡಿಗ

ಒಂದು ವಿರೋಧ. ಆ್ಯಪ್ ಬೇಡ, ಜಾಹೀರಾತು ಬೇಡ, ಆದರೆ ಎಲ್ಲ ಪುಕ್ಕಟೆ ಬೇಕು. ಕಂಪನಿಯವರು ಸರ್ವರ್‌ಗೆ ದುಡ್ಡು ಎಲ್ಲಿಂದ ತರಬೇಕು?

ಇಂಜಿನಿಯರ್

ಒಪ್ಪುತ್ತೇನೆ. ನನ್ನ ಸಂಬಳವೂ ಅಲ್ಲಿಂದಲೇ ಬರುವುದು. ಆದರೆ ಮೇಡಂ ಕ್ರೋಮ್‌ನಲ್ಲಿ ನೋಡಿದರೂ ಜಾಹೀರಾತು ಬಂದೇ ಬರುತ್ತದೆ, ಕಂಪನಿಗೆ ದುಡ್ಡೂ ಸಿಗುತ್ತದೆ. ಯೂಟ್ಯೂಬ್ ವಿಡಿಯೊ ತೋರಿಸುವ ನ್ಯೂಪೈಪ್ ಅನ್ನುವ ಹೊರಗಿನ ಆ್ಯಪ್ ವಿಷಯದಲ್ಲಿ ನಿಮ್ಮ ಮಾತಿಗೆ ಜಾಸ್ತಿ ತೂಕ ಇದೆ. ಅದು ಲಾಗಿನ್ ಕೇಳುವುದೇ ಇಲ್ಲ, ಆ ಲೆಕ್ಕದಲ್ಲಿ ಒಳ್ಳೆಯದು. ಆದರೆ ಜಾಹೀರಾತು ತೋರಿಸದ್ದರಿಂದ ವಿಡಿಯೊ ಮಾಡಿದವರಿಗೂ ಏನೂ ಹೋಗುವುದಿಲ್ಲ. ಕನ್ನಡದ ಸಣ್ಣ ಚಾನೆಲ್‌ಗಳನ್ನು ನಾನು ಬ್ರೌಸರ್‌ನಲ್ಲೇ, ಜಾಹೀರಾತು ಸಹಿಸಿಕೊಂಡು ನೋಡುತ್ತೇನೆ.

ಶಿವಮೊಗ್ಗದ ಗೃಹಿಣಿ

ನನ್ನ ಫೋನಿನಲ್ಲಿ ಫೇಸ್‌ಬುಕ್‌ಗೆ ಅನ್‌ಇನ್‌ಸ್ಟಾಲ್ ಬಟನ್ನೇ ಇಲ್ವಲ್ಲ ಅಣ್ಣ?

ಇಂಜಿನಿಯರ್

ಅಕ್ಕ, ಅದು ಫೋನಿನ ಜೊತೆಗೇ ಬಂದದ್ದು. ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ಸ್‌ಗೆ ಹೋಗಿ "ಡಿಸೇಬಲ್" ಒತ್ತಿ. ಅಲ್ಲೇ ಫೇಸ್‌ಬುಕ್ ಆ್ಯಪ್ ಮ್ಯಾನೇಜರ್, ಫೇಸ್‌ಬುಕ್ ಸರ್ವಿಸಸ್ ಅಂತಲೂ ಇರಬಹುದು. ಅವಕ್ಕೂ ಅದೇ ಮದ್ದು.

ದಾವಣಗೆರೆಯ ಟೀಚರ್

ಎಲ್ಲರಿಗೂ ಧನ್ಯವಾದ. ಮಗನಿಗೆ ಇದನ್ನೆಲ್ಲ ಓದಿ ಹೇಳಿದೆ, "ಹೂಂ" ಅಂದ. ಎರಡು ತೊಂದರೆ ಉಳಿದಿವೆ. ಇನ್‌ಸ್ಟಾಗ್ರಾಮ್ ತೆರೆದರೆ ಸಾಕು, "ಆ್ಯಪ್‌ನಲ್ಲಿ ನೋಡಿ" ಅನ್ನುವ ಪಟ್ಟಿ ಅರ್ಧ ಪರದೆ ತಿನ್ನುತ್ತದೆ. ಮತ್ತೆ ಗೆಳತಿಯರ ಪೋಸ್ಟ್‌ಗಿಂತ ಗೊತ್ತಿಲ್ಲದವರದ್ದೇ ಜಾಸ್ತಿ. ಇನ್ನೊಂದು ಮಾತು, ಆಗಸ್ಟ್ 15ಕ್ಕೆ ಶಾಲೆಯ ಪೇಜ್‌ನಲ್ಲಿ ಲೈವ್ ಮಾಡಿ ಅಂತ ಹೆಡ್‌ಮಾಸ್ಟರ್ ಹೇಳಿದ್ದಾರೆ. ಬ್ರೌಸರ್‌ನಲ್ಲಿ ಆಗುತ್ತದಾ?

ಇಂಜಿನಿಯರ್

ಆ ಪಟ್ಟಿಯ ಕಾಟ ನಮ್ಮವರು ಬೇಕಂತಲೇ ಇಟ್ಟಿದ್ದು. ಮುಚ್ಚುವ ಗುರುತು ಸಣ್ಣದು, "ಓಪನ್" ಬಟನ್ ದೊಡ್ಡದು, ಬಣ್ಣದ್ದು. ಫೈರ್‌ಫಾಕ್ಸ್ ಅನ್ನುವ ಬ್ರೌಸರ್ ಹಾಕಿಕೊಳ್ಳಿ. ಕ್ರೋಮ್‌ನಲ್ಲಿ ಇಲ್ಲದ ಸೌಲಭ್ಯ ಅದರಲ್ಲಿದೆ: ಫೋನಿನಲ್ಲೂ ಎಕ್ಸ್‌ಟೆನ್ಶನ್ (ಬ್ರೌಸರ್‌ಗೆ ಜೋಡಿಸುವ ಸಣ್ಣ ಸಲಕರಣೆ) ಹಾಕಬಹುದು. ಯುಬ್ಲಾಕ್ ಒರಿಜಿನ್ ಸೇರಿಸಿ, ಅದರ ಸೆಟ್ಟಿಂಗ್ಸ್‌ನಲ್ಲಿ "ಅನಾಯನ್ಸಸ್" ಅನ್ನುವ ಪಟ್ಟಿಗಳಿಗೆ ಟಿಕ್ ಹಾಕಿ. ಇಂಥ ಕಿರಿಕಿರಿ ಸಾಕಷ್ಟು ಕಡಿಮೆ ಆಗುತ್ತದೆ. (ದುಬೈ ಸರ್, ಅದು ಜಾಹೀರಾತನ್ನೂ ತಡೆಯುತ್ತದೆ, ಗೊತ್ತು. ಬೈಯಬೇಡಿ.) ಗೆಳತಿಯರ ಪೋಸ್ಟ್ ಬೇಕಾದರೆ ಫೇಸ್‌ಬುಕ್ ಮೆನುವಿನಲ್ಲಿ "ಫೀಡ್ಸ್" ಒತ್ತಿ. ಅಲ್ಲಿ ನಿಮ್ಮವರ ಪೋಸ್ಟ್‌ಗಳು ಹೊಸದರಿಂದ ಹಳೆಯದಕ್ಕೆ ಸಾಲಾಗಿ ಬರುತ್ತವೆ. 2022ರಿಂದ ಇದೆ, ಯಾರೂ ಅತ್ತ ತಲೆ ಹಾಕುವುದಿಲ್ಲ.

ಲೈವ್‌ಗೆ ಫೋನಿನ ಬ್ರೌಸರ್ ನಂಬಬೇಡಿ. ಶಾಲೆಯಲ್ಲಿ ಕ್ಯಾಮೆರಾ ಇರುವ ಲ್ಯಾಪ್‌ಟಾಪ್ ಇದ್ದರೆ ಅದರ ಬ್ರೌಸರ್‌ನಿಂದಲೇ ಆಗುತ್ತದೆ. ಇಲ್ಲದಿದ್ದರೆ ಆ್ಯಪನ್ನು 14ಕ್ಕೆ ಹಾಕಿ, 16ಕ್ಕೆ ತೆಗೆಯಿರಿ. ಕ್ಯಾಮೆರಾ, ಮೈಕ್‌ಗೆ ಒಪ್ಪಿಗೆ ಕೊಡಿ, ಕಾಂಟ್ಯಾಕ್ಟ್ಸ್ ಕೇಳಿದರೆ ಬೇಡ ಅನ್ನಿ. ಮತ್ತೆ ಧ್ವಜದ ಕಂಬದ ಹತ್ತಿರ ನೆಟ್‌ವರ್ಕ್ ಸಿಗುತ್ತದಾ ಅಂತ 14ರ ಸಂಜೆಯೇ ನಿಂತು ನೋಡಿಬಿಡಿ ಮೇಡಂ. ಹೋದ ವರ್ಷ ನಮ್ಮೂರಿನ ಶಾಲೆಯ ಲೈವ್ ಸರಿಯಾಗಿ ಝಂಡಾ ಬಿಚ್ಚುವ ಹೊತ್ತಿಗೆ ಸುತ್ತತೊಡಗಿ, ಮತ್ತೆ ಚಿತ್ರ ಬಂದಾಗ ಎಲ್ಲರೂ ಬೂಂದಿ ತಿನ್ನುತ್ತಿದ್ದರು.