ಸಿಡಿ ಪ್ಲೇಯರ್ ಇಟ್ಕೊಳ್ಳೋದಾ, ಕೊಟ್ಬಿಡೋದಾ?

ಸರಸ್ವತಿಪುರಂ, ಮೈಸೂರು:
ಅಪ್ಪ ತಗೊಂಡಿದ್ದ ಸಿಡಿ ಪ್ಲೇಯರ್ ಮನೇಲಿದೆ, ಜೊತೆಗೆ ವೀಣೆ ದೊರೆಸ್ವಾಮಿ ಅಯ್ಯಂಗಾರ್ ಅವರದ್ದೂ ಸೇರಿ ಒಂದು ನಲ್ವತ್ತು ಸಿಡಿ, ಈಗ ಎಲ್ಲಾ ಫೋನಲ್ಲೇ ಕೇಳೋದು, ಮನೆಯವ್ರು ಗುಜರಿಗೆ ಹಾಕು ಅಂತಾರೆ ನಂಗೆ ಮನಸ್ಸೇ ಬರ್ತಿಲ್ಲ. ಟ್ರೇ ಬೇರೆ ಹೊರಗೆ ಬರ್ತಿಲ್ಲ. ಇಟ್ಕೊಂಡು ಪ್ರಯೋಜನ ಇದ್ಯಾ?

ಮಂಡ್ಯ:
ಗುಜರಿಗೆ ಮಾತ್ರ ಹಾಕ್ಬೇಡಿ ಸಾರ್. ಸಿಡಿ ಬಂದಿದ್ದು 1982ರಲ್ಲಿ ಆದ್ರೂ ಅದರಲ್ಲಿ ಸೆಕೆಂಡಿಗೆ 1,411 ಕಿಲೋಬಿಟ್ ಸೌಂಡ್ ಮಾಹಿತಿ ಇರುತ್ತೆ, ಕುಗ್ಗಿಸಿ ಮಾಡೋ ಎಂಪಿ3 ಫೈಲಲ್ಲಿ ಜಾಸ್ತಿ ಅಂದ್ರೆ 320. ವೀಣೆ ಮೀಟಿದ್ಮೇಲೆ ಉಳಿಯೋ ಆ ನಾದ ಇದ್ಯಲ್ಲ, ಅದನ್ನ ಕೇಳಕ್ಕೆ ನಾನು ಈಗ್ಲೂ ರಾತ್ರಿ ಲೈಟ್ ಆರ್ಸಿ ಕೂರ್ತೀನಿ. ಟ್ರೇದು ಹೆಚ್ಚಾಗಿ ರಬ್ಬರ್ ಬೆಲ್ಟ್ ಸಡಿಲ ಆಗಿರುತ್ತೆ, ಚಿಕ್ಕ ಕೆಲಸ.

ಕುವೆಂಪುನಗರ:
ಸೌಂಡ್ ವಿಷ್ಯ ನಾನು ಪೂರ್ತಿ ಒಪ್ಪಲ್ಲ, ಆಪಲ್ ಮ್ಯೂಸಿಕ್ಕಲ್ಲಿ 2021ರಿಂದ ಸೌಂಡ್ ಏನೂ ಕಳೆಯದ ಲಾಸ್‌ಲೆಸ್ ಇದೆ. ಆದ್ರೆ ಲೈಸೆನ್ಸ್ ಮುಗಿದ್ರೆ ಆಪಿಂದ ಹಾಡು ಮಾಯ, ನಿಮ್ ಸಿಡಿ ಎಲ್ಲೂ ಹೋಗಲ್ಲ. ಮೊದ್ಲು ಎಲ್ಲಾನೂ ಕಂಪ್ಯೂಟರ್‌ಗೆ ಫ್ಲ್ಯಾಕ್, ಅಂದ್ರೆ ಅದೇ ಥರ ಸೌಂಡ್ ಕಳೆಯದ ಫೈಲ್, ಮಾಡಿ ಇಟ್ಕೊಳ್ಳಿ. ಒರೆಸೋವಾಗ ಸುತ್ತ ಉಜ್ಜಬೇಡಿ, ನಡುವಿಂದ ಅಂಚಿಗೆ ನೇರ ಒರೆಸಿ.

ಸರಸ್ವತಿಪುರಂ, ಮೈಸೂರು:
ತುಂಬಾ ಥ್ಯಾಂಕ್ಸ್, ಈ ಭಾನುವಾರನೇ ಬೆಲ್ಟ್ ಹಾಕಿಸ್ತೀನಿ.